ಓದುವ ದೀಪವೂ ಮನೆಯ ಮೀಟರೂ

ಕಳೆದ ಜನವರಿ ತಿಂಗಳಲ್ಲಿ ನಮ್ಮ ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಮೂರು ದಿನ ಎಡೆಬಿಡದೆ ಮನೆಪಾಠವನ್ನು ಅರ್ಧಕ್ಕೇ ಬಿಟ್ಟು ತಂದಳು. ಅವಳು ಓದಿನಲ್ಲಿ ಹಿಂದುಳಿದವಳಲ್ಲ, ಸೋಮಾರಿಯೂ ಅಲ್ಲ. ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇರಲಿಲ್ಲ. ಗದರಿಸಬೇಕೆಂದೇ ನಾವು ಅವಳನ್ನು ಬಳಿಗೆ ಕರೆದೆವು. ಅವಳು ತಲೆ ತಗ್ಗಿಸಿ, “ರಾತ್ರಿ ಹತ್ತಕ್ಕೆ ಅಪ್ಪ ಲೈಟು ಆರಿಸ್ತಾರೆ, ಸರ್. ಈ ಸಲ ಬಿಲ್ಲು ಬಹಳ ಬಂದಿದೆ” ಎಂದಳು. ಗದರಿಸಲು ಹೊರಟ ನಾವು ಸುಮ್ಮನಾದೆವು.

ಈ ನಗರದಲ್ಲಿ ನಮ್ಮಂಥವರ ಮನೆಗಳು ಹೇಗಿರುತ್ತವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಂದೇ ಕೋಣೆ, ಅದರಲ್ಲಿಯೇ ಅಡಿಗೆ, ಅದರಲ್ಲಿಯೇ ಊಟ, ಅದರಲ್ಲಿಯೇ ನಿದ್ರೆ. ತಂದೆ ಹೋಟೆಲಿನ ದುಡಿಮೆ ಮುಗಿಸಿ ಬರುವವರೆಗೆ ನೆರೆಹೊರೆಯ ಗದ್ದಲ, ಟೀವಿಯ ಸದ್ದು. ಎಲ್ಲರೂ ಮಲಗಿದ ಮೇಲೆಯೇ ಆ ಹುಡುಗಿಗೆ ಓದಲು ಅವಕಾಶ. ಆ ಹೊತ್ತಿಗೇ ದೀಪ ಆರುತ್ತಿತ್ತು. ತಂದೆಯದು ಕ್ರೌರ್ಯವಲ್ಲ, ಮನೆಯ ಖರ್ಚನ್ನು ತೂಗಿಸುವವನ ಚಿಂತೆ. ಮಗಳದು ತಪ್ಪಲ್ಲ. ಹಾಗಾದರೆ ತಪ್ಪು ಎಲ್ಲಿತ್ತು?

ವಿದ್ಯುಚ್ಛಕ್ತಿಯ ಪಾಠವನ್ನು ನಾವು ಅದೇ ವರ್ಗಕ್ಕೆ ಕಲಿಸಿದ್ದೆವು. ‘ವ್ಯಾಟ್ ಎಂದರೇನು?’ ಎಂದು ಕೇಳಿದರೆ ಅವಳು ಒಂದಕ್ಷರ ತಪ್ಪದೆ ಉತ್ತರಿಸಬಲ್ಲಳು. ಆದರೆ ಆ ಪಾಠವನ್ನು ಮನೆಯ ಗೋಡೆಯ ಮೇಲಿನ ಸ್ವಿಚ್ಚಿಗೆ ಹೊಂದಿಸಿ ಲೆಕ್ಕ ಹಾಕಲು ನಾವು ಕಲಿಸಿರಲಿಲ್ಲ. ಆ ಕೊರತೆ ನಮ್ಮದೇ ಎಂದು ತಿಳಿದು, “ನಾಳೆ ಬರುವಾಗ ಬಿಲ್ಲನ್ನು ತಾ. ಮನೆಯಲ್ಲಿರುವ ಒಂದೊಂದು ಸಾಧನದ ಮೇಲೂ ಎಷ್ಟು ವ್ಯಾಟ್ ಎಂದು ಬರೆದಿದೆಯೋ ಅದನ್ನೂ, ಅದು ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆಂಬುದನ್ನೂ ಬರೆದು ತಾ” ಎಂದು ಹೇಳಿ ಕಳುಹಿದೆವು. ಮರುದಿನ ಆ ಚೀಟಿಯನ್ನಿಟ್ಟುಕೊಂಡು ವರ್ಗದಲ್ಲಿ ನಾವೆಲ್ಲರೂ ಹಾಕಿದ ಲೆಕ್ಕವನ್ನೇ ಈ ಲೇಖನದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ‘ಯೂನಿಟ್ಟು’ ಎಂಬ ಮಾತನ್ನು ತಿಳಿದುಕೊಳ್ಳೋಣ. ಒಂದು ಸಾಧನವು ಎಷ್ಟು ವೇಗವಾಗಿ ವಿದ್ಯುತ್ತನ್ನು ಬಳಸುತ್ತದೆಂಬುದನ್ನು ವ್ಯಾಟ್ ತಿಳಿಸುತ್ತದೆ. ನಳ್ಳಿಯಿಂದ ನೀರು ದಪ್ಪ ಧಾರೆಯಾಗಿ ಬೀಳುತ್ತಿದೆಯೋ ಸಣ್ಣ ಧಾರೆಯಾಗಿ ಬೀಳುತ್ತಿದೆಯೋ ಎನ್ನುವಂತೆ. ಆದರೆ ಬಿಂದಿಗೆ ತುಂಬಿತೇ ಎಂಬುದು ಧಾರೆಯೊಂದರಿಂದ ತಿಳಿಯುವುದಿಲ್ಲ; ನಳ್ಳಿಯನ್ನು ಎಷ್ಟು ಹೊತ್ತು ಬಿಟ್ಟಿದ್ದೆವೆಂಬುದೂ ಬೇಕು. ೧೦೦೦ ವ್ಯಾಟಿನ ಸಾಧನವೊಂದು ಒಂದು ಗಂಟೆ ನಡೆದರೆ ಖರ್ಚಾಗುವ ವಿದ್ಯುತ್ತೇ ಒಂದು ಯೂನಿಟ್ಟು. ಆದುದರಿಂದ ವ್ಯಾಟನ್ನು ಗಂಟೆಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ಟು ದೊರೆಯುತ್ತದೆ. ಇದಿಷ್ಟೇ ಸೂತ್ರ.

ಈಗ ಆ ಹುಡುಗಿಯ ದೀಪವನ್ನು ನೋಡೋಣ. ಅದು ೯ ವ್ಯಾಟಿನ ಎಲ್‌ಇಡಿ ದೀಪ. ದಿನಕ್ಕೆ ೩ ಗಂಟೆಯಂತೆ ೩೦ ದಿನ ಉರಿದರೆ ೯ × ೩ × ೩೦ = ೮೧೦. ಸಾವಿರದಿಂದ ಭಾಗಿಸಿದರೆ ೦.೮೧. ಅಂದರೆ ಇಡೀ ತಿಂಗಳ ರಾತ್ರಿಯ ಓದಿಗೆ ಒಂದು ಪೂರ್ಣ ಯೂನಿಟ್ಟೂ ಬೇಕಾಗಿಲ್ಲ! ಕರಿಹಲಗೆಯ ಮೇಲೆ ಈ ಅಂಕಿಯನ್ನು ಬರೆದಾಗ ವರ್ಗದಲ್ಲಿ ಎರಡು ಕ್ಷಣ ಯಾರೂ ಮಾತನಾಡಲಿಲ್ಲ. ಬಿಲ್ಲಿನಲ್ಲಿದ್ದುದು ಸುಮಾರು ೧೧೦ ಯೂನಿಟ್ಟು. ಹಾಗಾದರೆ ಉಳಿದದ್ದನ್ನು ಬಳಸಿದವರು ಯಾರು?

ನೀರಿನಿಂದ ಆರಂಭಿಸೋಣ. ಮುಂಬಯಿಯ ಚಳಿ ಊರಿನ ಚಳಿಯಂತಲ್ಲವಾದರೂ ಜನವರಿಯಲ್ಲಿ ಸ್ನಾನಕ್ಕೆ ಬಿಸಿನೀರು ಬೇಕೆನಿಸುತ್ತದೆ. ಆ ಮನೆಯಲ್ಲಿ ಬಾಲ್ದಿಯೊಳಗೆ ಇಳಿಬಿಡುವ ೧೫೦೦ ವ್ಯಾಟಿನ ರಾಡಿನಿಂದ ನೀರು ಕಾಯಿಸುತ್ತಿದ್ದರು. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ೪೨೦೦ ಜೂಲ್ ಶಕ್ತಿ ಬೇಕೆಂದು ನೀವು ಓದಿದ್ದೀರಿ. ೨೦ ಲೀಟರು ನೀರನ್ನು ೨೫ ಡಿಗ್ರಿಯಿಂದ ೪೦ ಡಿಗ್ರಿಗೆ ಏರಿಸಲು ೨೦ × ೧೫ × ೪೨೦೦ = ೧೨,೬೦,೦೦೦ ಜೂಲ್. ಒಂದು ಯೂನಿಟ್ಟೆಂದರೆ ೩೬ ಲಕ್ಷ ಜೂಲ್. ಆದುದರಿಂದ ಒಂದು ಬಾಲ್ದಿಗೆ ೦.೩೫ ಯೂನಿಟ್ಟು. ನಾಲ್ವರಿಗೆ ನಾಲ್ಕು ಬಾಲ್ದಿಯಂತೆ ೩೦ ದಿನಕ್ಕೆ ೪೨ ಯೂನಿಟ್ಟು! ಹುಡುಗಿಯ ಒಂದು ತಿಂಗಳ ಓದು ಎರಡೂವರೆ ಬಾಲ್ದಿ ಬಿಸಿನೀರಿನ ಬೆಲೆಗೂ ಏರಲಿಲ್ಲವೆಂದಾಯಿತು.

ಉಳಿದವುಗಳ ಲೆಕ್ಕವನ್ನೂ ಹೀಗೆಯೇ ಹಾಕಿದೆವು. ೭೫ ವ್ಯಾಟಿನ ಹಳೆಯ ಫ್ಯಾನು ರಾತ್ರಿ ೧೦ ಗಂಟೆಯಂತೆ ತಿರುಗಿ ೨೨.೫ ಯೂನಿಟ್ಟು. ಫ್ರಿಜ್ಜಿನ ನಕ್ಷತ್ರಪಟ್ಟಿಯ ಮೇಲೆ ವರ್ಷಕ್ಕೆ ೨೪೦ ಎಂದಿತ್ತು, ತಿಂಗಳಿಗೆ ೨೦. ಇಸ್ತ್ರಿಪೆಟ್ಟಿಗೆ ೧೦೦೦ ವ್ಯಾಟಿನದು. ದಿನಕ್ಕೆ ಕಾಲು ಗಂಟೆ ಎಂದರೂ ಹೆಚ್ಚೆಂದರೆ ೭.೫. ಟೀವಿ ೬೦ ವ್ಯಾಟ್, ನಾಲ್ಕು ಗಂಟೆ, ೭.೨. ಉಳಿದ ಎರಡು ದೀಪಗಳು ಐದೈದು ಗಂಟೆ ಉರಿದು ೨.೭. ಇನ್ನು ಟೀವಿಯ ಜೊತೆಗಿರುವ ಸೆಟ್‌ಟಾಪ್ ಪೆಟ್ಟಿಗೆ. ಟೀವಿಯನ್ನು ರಿಮೋಟಿನಿಂದ ಆರಿಸಿದರೂ ಅದು ಆರುವುದಿಲ್ಲ. ಹಗಲಿರುಳೂ ಎಚ್ಚರವಾಗಿರುವ ಅದು ೧೦ ವ್ಯಾಟ್ ಬಳಸುತ್ತದೆಂದಿಟ್ಟುಕೊಂಡರೆ ತಿಂಗಳಿಗೆ ೭.೨ ಯೂನಿಟ್ಟು. ಓದುವ ದೀಪಕ್ಕಿಂತ ಸುಮಾರು ಒಂಬತ್ತು ಪಟ್ಟು! ಎಲ್ಲವನ್ನೂ ಕೂಡಿಸಿದಾಗ ಮೊತ್ತ ೧೧೦ರ ಹತ್ತಿರಕ್ಕೇ ಬಂದಿತು. ಬಿಲ್ಲು ಸುಳ್ಳು ಹೇಳಿರಲಿಲ್ಲ.

ಈ ಲೆಕ್ಕದಿಂದ ನಾವು ತಿಳಿಯಬೇಕಾದ ಸಂಗತಿ ಒಂದಿದೆ. ಮನೆಯಲ್ಲಿ ಹೆಚ್ಚು ವಿದ್ಯುತ್ತನ್ನು ಬಳಸುವವು ಎರಡು ಬಗೆಯ ಸಾಧನಗಳು. ಬಿಸಿ ಮಾಡುವ ಅಥವಾ ತಂಪು ಮಾಡುವ ಸಾಧನಗಳು ಒಂದು ಬಗೆ. ನೀರಿನ ರಾಡು, ಗೀಸರು, ಇಸ್ತ್ರಿಪೆಟ್ಟಿಗೆ, ಏಸಿ ಇವೆಲ್ಲ ಅದಕ್ಕೆ ಸೇರಿದವು. ಅವುಗಳ ಧಾರೆಯೇ ದಪ್ಪ. ಸಣ್ಣ ಧಾರೆಯಾದರೂ ಹೊತ್ತುಗೊತ್ತಿಲ್ಲದೆ ನಡೆಯುವ ಫ್ಯಾನು, ಸೆಟ್‌ಟಾಪ್ ಪೆಟ್ಟಿಗೆ ಮೊದಲಾದವು ಇನ್ನೊಂದು ಬಗೆ. ಫ್ರಿಜ್ಜು ಈ ಎರಡಕ್ಕೂ ಸೇರಿದುದು. ಇಂದಿನ ದೀಪವು ಎರಡಕ್ಕೂ ಸೇರಿದುದಲ್ಲ. ಮಿತವ್ಯಯವೆಂದರೆ ಕತ್ತಲೆಯಲ್ಲಿ ಕುಳಿತುಕೊಳ್ಳುವುದಲ್ಲ. ಯಾವುದನ್ನು ಕಡಿಮೆ ಮಾಡಬೇಕೆಂಬುದನ್ನು ಲೆಕ್ಕದಿಂದ ಅರಿಯುವುದು.

ಹಾಗಾದರೆ ಹಿರಿಯರು ದೀಪವನ್ನೇ ಏಕೆ ಮೊದಲು ಆರಿಸುತ್ತಾರೆ? ಅದಕ್ಕೂ ಕಾರಣವಿದೆ. ಅವರು ಬೆಳೆದುದು ತಂತಿಯ ಬಲ್ಬಿನ ಕಾಲದಲ್ಲಿ. ಆ ಬಲ್ಬಿನೊಳಗಿನ ತಂತಿ ಕಾದು ಬೆಳ್ಳಗಾಗಿ ಬೆಳಕು ಕೊಡುತ್ತಿತ್ತು. ಅದು ಬಳಸಿದ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತಿತ್ತು. ೬೦ ವ್ಯಾಟಿನ ಬಲ್ಬು ದಿನಕ್ಕೆ ೩ ಗಂಟೆ ಉರಿದರೆ ತಿಂಗಳಿಗೆ ೫.೪ ಯೂನಿಟ್ಟು, ೧೦೦ ವ್ಯಾಟಿನದಾದರೆ ೯ ಯೂನಿಟ್ಟು. ಫ್ರಿಜ್ಜು, ಗೀಸರು ಇಲ್ಲದ ಆ ಮನೆಗಳಲ್ಲಿ ದೀಪವೇ ದೊಡ್ಡ ಖರ್ಚು. ದೀಪ ಆರಿಸುವ ರೂಢಿ ಅಂದಿಗೆ ಸರಿಯಾಗಿಯೇ ಇತ್ತು. ೨೦೧೫ರಲ್ಲಿ ಕೇಂದ್ರ ಸರಕಾರವು ‘ಉಜಾಲಾ’ ಯೋಜನೆಯಿಂದ ಎಲ್‌ಇಡಿ ದೀಪಗಳನ್ನು ಕಡಿಮೆ ಬೆಲೆಗೆ ಹಂಚತೊಡಗಿದ ಮೇಲೆ ಮನೆಮನೆಯ ಬಲ್ಬುಗಳು ಬದಲಾದವು. ಬಲ್ಬು ಬದಲಾಯಿತು, ರೂಢಿ ಹಾಗೆಯೇ ಉಳಿಯಿತು. ಹೀಗೆಂದು ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಸಬಹುದೆಂದು ಯಾರೂ ತಿಳಿಯಬಾರದು. ಬೇಡದ ದೀಪವನ್ನು ಆರಿಸುವುದು ಒಳ್ಳೆಯ ರೂಢಿಯೇ; ಬೇಕಾದ ದೀಪವನ್ನು ಆರಿಸುವುದು ಮಾತ್ರ ನಷ್ಟ.

ಇನ್ನು ಉಳಿತಾಯದ ಉಪಾಯಗಳನ್ನು ನೋಡೋಣ. ಬಾಲ್ದಿ ತುಂಬ ನೀರು ಕಾಯಿಸುವ ಬದಲು ೧೪ ಲೀಟರು ಕಾಯಿಸಿದರೆ ೪೨ ಯೂನಿಟ್ಟಿನಲ್ಲಿ ಸುಮಾರು ೧೨ ಯೂನಿಟ್ಟು ಉಳಿಯುತ್ತದೆ. ೧೫೦೦ ವ್ಯಾಟಿನ ರಾಡಿಗೆ ೨೦ ಲೀಟರು ನೀರು ಕಾಯಲು ಸುಮಾರು ೧೪ ನಿಮಿಷ ಸಾಕು. ಮರೆತು ಅರ್ಧ ಗಂಟೆ ಬಿಟ್ಟು, ಅತಿಯಾಗಿ ಕಾದ ನೀರಿಗೆ ತಣ್ಣೀರು ಬೆರೆಸಿ, ಬೆರೆಸಿದ್ದು ಹೆಚ್ಚಾಗಿ ಚೆಲ್ಲುವ ಮನೆಗಳೂ ಇವೆ. ಗಡಿಯಾರ ನೋಡಿ ಆರಿಸಿರಿ. ಇಲ್ಲಿ ಒಂದು ಎಚ್ಚರಿಕೆ: ರಾಡು ನೀರಿನಲ್ಲಿರುವಾಗ ನೀರನ್ನು ಮುಟ್ಟಿ ನೋಡಬಾರದು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಅನಂತರವೇ ಕೈಯಿಡಬೇಕು. ಇದು ಉಳಿತಾಯದ ಮಾತಲ್ಲ, ಪ್ರಾಣದ ಮಾತು.

ಸೆಟ್‌ಟಾಪ್ ಪೆಟ್ಟಿಗೆಯನ್ನು ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸಿ, ಟೀವಿ ನೋಡುವ ನಾಲ್ಕು ಗಂಟೆ ಮಾತ್ರ ನಡೆಸಿದರೆ ೬ ಯೂನಿಟ್ಟು ಉಳಿಯುತ್ತದೆ. ಬಟ್ಟೆಗಳಿಗೆ ದಿನವೂ ಒಂದೊಂದಾಗಿ ಇಸ್ತ್ರಿ ಹಾಕಿದರೆ ಪೆಟ್ಟಿಗೆಯನ್ನು ಪ್ರತಿಸಲವೂ ಹೊಸದಾಗಿ ಕಾಯಿಸಬೇಕಾಗುತ್ತದೆ. ವಾರದ ಬಟ್ಟೆಗಳಿಗೆ ಒಮ್ಮೆಲೇ ಹಾಕುವುದು ಮೇಲು. ಫ್ರಿಜ್ಜನ್ನು ಗೋಡೆಗೆ ಒತ್ತಿ ಇಡಬಾರದು. ಒಳಗಿನ ಶಾಖವನ್ನು ಹೊರಗೆ ಚೆಲ್ಲುವುದೇ ಅದರ ಕೆಲಸ. ಚೆಲ್ಲಲು ಎಡೆಯಿಲ್ಲದಿದ್ದರೆ ಅದು ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆ. ಬಿಸಿ ಸಾರನ್ನು ಆರಿಸಿಯೇ ಒಳಗಿಡಬೇಕು. ಬಾಗಿಲಿನ ರಬ್ಬರು ಸಡಿಲವಾಗಿದೆಯೇ ಎಂದು ತಿಳಿಯಲು ಒಂದು ಕಾಗದದ ಚೂರನ್ನು ನಡುವೆ ಇಟ್ಟು ಬಾಗಿಲು ಮುಚ್ಚಿರಿ. ಎಳೆದೊಡನೆ ಕಾಗದವು ಸಲೀಸಾಗಿ ಬಂದರೆ ಒಳಗಿನ ತಂಪೂ ಹಾಗೆಯೇ ಹೊರಬರುತ್ತಿದೆಯೆಂದು ತಿಳಿಯಬೇಕು.

ಫ್ಯಾನಿನ ವಿಷಯ. ಹಳೆಯ ದಪ್ಪ ಪೆಟ್ಟಿಗೆಯಂಥ ರೆಗ್ಯುಲೇಟರು ವೇಗವನ್ನು ತಗ್ಗಿಸಿದರೂ ಉಳಿದ ಶಕ್ತಿಯ ಒಂದು ಪಾಲನ್ನು ತಾನೇ ಬಿಸಿಯಾಗಿ ಕಳೆಯುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಆ ನಷ್ಟ ಬಹಳ ಕಡಿಮೆ. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನುಗಳು ಸುಮಾರು ೩೦ ವ್ಯಾಟಿನಲ್ಲಿಯೇ ತಿರುಗುತ್ತವೆ. ಇದ್ದ ಫ್ಯಾನನ್ನು ಕಿತ್ತೆಸೆಯಬೇಕೆಂದು ನಾವು ಹೇಳುವುದಿಲ್ಲ. ಅದು ಕೆಟ್ಟು ಹೊಸದನ್ನು ಕೊಳ್ಳುವ ದಿನ ಬಂದಾಗ ತಂದೆತಾಯಿಗಳಿಗೆ ಈ ಸಂಗತಿಯನ್ನು ತಿಳಿಸಿರಿ. ೨೦೦೧ರ ಶಕ್ತಿ ಸಂರಕ್ಷಣ ಕಾಯಿದೆಯ ಮೇರೆಗೆ ಮರುವರ್ಷ ಒಂದು ಬ್ಯೂರೋ ಸ್ಥಾಪಿತವಾಗಿ, ೨೦೦೬ರಿಂದ ಸಾಧನಗಳಿಗೆ ನಕ್ಷತ್ರಪಟ್ಟಿ ಅಂಟಿಸುವ ಪದ್ಧತಿ ಬಂದಿದೆ. ನಕ್ಷತ್ರಗಳು ಹೆಚ್ಚಾದಷ್ಟೂ ಅದೇ ಕೆಲಸಕ್ಕೆ ಬಳಸುವ ವಿದ್ಯುತ್ತು ಕಡಿಮೆ. ಅಂಗಡಿಯಲ್ಲಿ ಬೆಲೆಚೀಟಿಯ ಜೊತೆಗೆ ಈ ಪಟ್ಟಿಯನ್ನೂ ಓದುವವನು ಜಾಣ ಗಿರಾಕಿ.

ಅಡಿಗೆಯ ಒಲೆಯನ್ನೂ ಮರೆಯಬಾರದು. ನೀರು ತೆರೆದ ಪಾತ್ರೆಯಲ್ಲಿ ೧೦೦ ಡಿಗ್ರಿಗೆ ಕುದಿಯುತ್ತದೆ. ಆಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ನೀರಿನ ಬಿಸಿ ಏರುವುದಿಲ್ಲ, ಹಬೆ ಮಾತ್ರ ಹೆಚ್ಚುತ್ತದೆ. ಆದುದರಿಂದ ಕುದಿ ಬಂದೊಡನೆ ಉರಿ ಸಣ್ಣದು ಮಾಡಿ ಮುಚ್ಚಳ ಮುಚ್ಚಬೇಕು. ಕುಕ್ಕರಿನೊಳಗೆ ಒತ್ತಡದಿಂದ ಉಷ್ಣತೆಯು ಸುಮಾರು ೧೨೦ ಡಿಗ್ರಿಯವರೆಗೆ ಏರುವುದರಿಂದ ಬೇಳೆ ಬೇಗ ಬೇಯುತ್ತದೆ. ಕಾಳುಗಳನ್ನು ರಾತ್ರಿಯೇ ನೆನೆಹಾಕಿದರೆ ಇನ್ನೂ ಬೇಗ. ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ ಬರ್ನರಿನ ರಂಧ್ರಗಳನ್ನು ಶುಚಿ ಮಾಡಿಸಬೇಕೆಂದು ತಿಳಿಯಿರಿ.

ಇವು ನಮಗೆ ಹೊಸ ಮಾತುಗಳೇನೂ ಅಲ್ಲ. ನಮ್ಮ ಊರಿನ ಅಡಿಗೆಮನೆಯಲ್ಲಿ ದೊಡ್ಡ ಒಲೆಯ ಮಗ್ಗುಲಿಗೆ ಕೋಡೊಲೆ ಇರುತ್ತಿತ್ತು. ದೊಡ್ಡ ಒಲೆಯಿಂದ ಹಾದು ಬಂದ ಬಿಸಿಯಲ್ಲಿಯೇ ಅಲ್ಲಿ ಸಾರು ಕುದಿಯುತ್ತಿತ್ತು. ಜೋಳದ ರೊಟ್ಟಿ ಬಡಿಯುವ ತಾಯಂದಿರು ಹಂಚು ಒಮ್ಮೆ ಕಾದಮೇಲೆ ಕೊನೆಯ ರೊಟ್ಟಿಯವರೆಗೆ ಏಳುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದ ವಿಜ್ಞಾನಿಗಳು ಹಳ್ಳಿಯ ಒಲೆಗಳನ್ನು ಅಳೆದು ನೋಡಿ, ಒಂದೇ ಉರಿಯಿಂದ ಮೂರು ಪಾತ್ರೆಗಳು ಕಾಯುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಸೌದೆ ಹೊತ್ತು ತಂದವರಿಗೆ ಉರಿಯ ಬೆಲೆ ಗೊತ್ತಿತ್ತು. ಇಂದು ಉರಿಯೂ ಬೆಳಕೂ ಗುಂಡಿ ಒತ್ತಿದರೆ ಬರುತ್ತವೆ. ಹೊತ್ತು ತರುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಈ ಬೆಳಕನ್ನು ಹೊತ್ತು ತಂದವರು ಯಾರು? ಸಹ್ಯಾದ್ರಿಯ ನೀರನ್ನು ಕೆಳಗಿಳಿಸಿ ಖೋಪೋಲಿಯಲ್ಲಿ ತಯಾರಿಸಿದ ವಿದ್ಯುತ್ತು ೧೯೧೫ರಲ್ಲಿ ಮುಂಬಯಿಗೆ ಬಂದಿತು. ಅದರಿಂದ ಇಲ್ಲಿಯ ಗಿರಣಿಗಳು ನಡೆದುವು. ಅನಂತರ ಪುಣೆ ಜಿಲ್ಲೆಯ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ತೊಡಗಿದಾಗ ಹೊಲಮನೆಗಳನ್ನು ಕಳೆದುಕೊಳ್ಳಲಿದ್ದ ರೈತರು ೧೯೨೧ರಲ್ಲಿ ಸತ್ಯಾಗ್ರಹ ಹೂಡಿದರು. ಅವರ ಮುಂದಾಳಾಗಿ ಸೆರೆಮನೆ ಕಂಡ ಪಾಂಡುರಂಗ ಮಹಾದೇವ ಬಾಪಟರೇ ‘ಸೇನಾಪತಿ’ ಎಂದು ಹೆಸರಾದವರು. ದಾದರ, ಮಾಟುಂಗಾ ಕಡೆಯಲ್ಲಿ ಸೇನಾಪತಿ ಬಾಪಟ್ ಮಾರ್ಗದಲ್ಲಿ ಓಡಾಡುವ ನೀವು ಆ ಹೆಸರಿನ ಹಿಂದಿನ ಕಥೆಯನ್ನು ತಿಳಿದಿರಬೇಕು. ಅಣೆಕಟ್ಟು ನಿಲ್ಲಲಿಲ್ಲ, ಆ ನೀರಿನಿಂದ ೧೯೨೭ರಲ್ಲಿ ಭಿರಾ ವಿದ್ಯುದಾಗಾರ ನಡೆಯತೊಡಗಿತು. ನಮ್ಮ ಕನ್ನಡನಾಡಿನಲ್ಲಿಯೂ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲೂಕುಗಳ ಅನೇಕ ಹಳ್ಳಿಗಳು ಮುಳುಗಿದುವು. ಅಲ್ಲಿಯ ಜನ ದೇವರು ದಿಂಡರೊಡನೆ ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ಇಂದು ಮುಂಬಯಿಗೆ ನೀರಿನಿಂದ ಮಾತ್ರವಲ್ಲದೆ ಕಲ್ಲಿದ್ದಲು, ಅನಿಲ, ಗಾಳಿ, ಬಿಸಿಲುಗಳಿಂದಲೂ ವಿದ್ಯುತ್ತು ಬರುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ಟು ತಯಾರಿಸಲು ಅರ್ಧ ಕಿಲೋಗ್ರಾಮಿಗೂ ಹೆಚ್ಚು ಕಲ್ಲಿದ್ದಲು ಸುಡಬೇಕು. ಅದರ ಹೊಗೆ ಯಾರದೋ ಊರಿನ ಮೇಲೆ ಕವಿಯುತ್ತದೆ. ಯಾರೂ ನೋಡದ ಟೀವಿಯ ಪೆಟ್ಟಿಗೆಗಾಗಿ ಇಷ್ಟೆಲ್ಲ ನಡೆಯಬೇಕೇ ಎಂಬುದನ್ನು ನೀವೇ ಯೋಚಿಸಿರಿ.

ಇನ್ನು ನೀವೇ ಮಾಡಿ ನೋಡಬಹುದಾದ ಒಂದು ಪ್ರಯೋಗ. ಮನೆಯ ಮೀಟರಿನ ಮುಖದ ಮೇಲೆ ಚಿಕ್ಕ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತಾರೆ; ಅದು ೩೨೦೦ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಎಲ್ಲವನ್ನೂ ಆರಿಸಿ ಓದುವ ದೀಪವೊಂದನ್ನೇ ಉರಿಸಿದರೆ ಅದು ಎರಡು ನಿಮಿಷಕ್ಕೊಮ್ಮೆ ಮಿನುಗೀತು. ಫ್ಯಾನೊಂದನ್ನೇ ಹಾಕಿದರೆ ನಿಮಿಷಕ್ಕೆ ನಾಲ್ಕು ಸಲ. ನೀರಿನ ರಾಡೊಂದನ್ನೇ ಹಾಕಿದರೆ ನಿಮಿಷಕ್ಕೆ ೮೦ ಸಲ! ಹಿರಿಯರನ್ನು ಜೊತೆಗೆ ಕರೆದುಕೊಂಡೇ ಮೀಟರಿನ ಬಳಿಗೆ ಹೋಗಿರಿ. ಕಣ್ಣಿಂದ ಎಣಿಸಿರಿ, ಕೈಯಿಂದ ಮುಟ್ಟಬೇಡಿರಿ. ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಬಿಲ್ಲು ಬರುವ ಮೊದಲೇ ಮನೆಯವರಿಗೆ ಎಚ್ಚರಿಕೆ ಕೊಡಬಹುದು. ಮುಂಬಯಿಯಲ್ಲಿ ಮನೆಬಳಕೆಯ ವಿದ್ಯುತ್ತಿನ ದರ ಹಂತಹಂತವಾಗಿ ಏರುತ್ತದೆ. ಮೊದಲ ೧೦೦ ಯೂನಿಟ್ಟುಗಳು ಒಂದು ಹಂತ. ಅದನ್ನು ದಾಟಿದ ಯೂನಿಟ್ಟುಗಳಿಗೆ ದರ ಹೆಚ್ಚು. ಆದುದರಿಂದ ನೂರರ ಗೆರೆಯ ಬಳಿಯಿರುವ ಮನೆಗೆ ಹತ್ತು ಯೂನಿಟ್ಟಿನ ಉಳಿತಾಯವೂ ಸಣ್ಣದಲ್ಲ.

ಆ ಹುಡುಗಿಯು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದಳು. ಮುಂದಿನ ವಾರ ಅವಳ ತಂದೆ ರಜೆಯ ದಿನ ನೋಡಿ ಶಾಲೆಗೆ ಬಂದರು. ಹಾಳೆಯನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದರು. “ಮಾಸ್ತರೇ, ಊರಲ್ಲಿ ನಮ್ಮಪ್ಪ ಹೀಗೇ ಲೈಟು ಆರಿಸ್ತಿದ್ದರು. ನಾನೂ ಹತ್ತನೆಯದು ಮುಗಿಸಲಿಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರಿನ ಬಾಲ್ದಿ ಈಗ ಸಣ್ಣದು ಮಾಡಿದ್ದೇವೆ” ಎಂದು ನಕ್ಕರು. ಮುಂದಿನ ತಿಂಗಳ ಬಿಲ್ಲಿನಲ್ಲಿ ೯೩ ಯೂನಿಟ್ಟು ಬಂದಿತ್ತು. ಹುಡುಗಿ ಅದನ್ನು ಅಂಕಪಟ್ಟಿಯಂತೆ ತಂದು ನಮಗೆ ತೋರಿಸಿದಳು. ಆ ತಿಂಗಳು ಅವಳ ದೀಪ ರಾತ್ರಿ ಒಂದು ಗಂಟೆಯವರೆಗೂ ಉರಿದಿತ್ತು.

ವಿದ್ಯಾರ್ಥಿಮಿತ್ರರೇ, ರಜೆಯಲ್ಲಿ ನಿಮ್ಮ ಮನೆಯ ಲೆಕ್ಕವನ್ನೂ ಹೀಗೆಯೇ ಬರೆದು ತನ್ನಿರಿ. ಹಿರಿಯರೊಡನೆ ವಾದಿಸಬೇಡಿರಿ, ಅಂಕಿಗಳನ್ನು ತೋರಿಸಿರಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆ ಹಾಳೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡೋಣ.